ಹುಳ ಮೇಯುವುದು ನಿಂತಾಗ

ತಾಕತ್ತಿದ್ದರೆ ನಂಬದೆ ಇರಿ, ನೋಡೋಣ. ಕೊಳ್ಳೇಗಾಲದ ಒಂದು ಚಿತ್ರಮಂದಿರದಲ್ಲಿ, ಬೆಳಗಿನ ಆಟಕ್ಕೆ ಬಂದು ಕೂತಿದ್ದ ಗಂಡಸರು ಹೆಂಗಸರನ್ನೆಲ್ಲ ನಾನು ಒಂದು ಸದ್ದೂ ಮಾಡದೆ ಹೆದರಿಸಿದ್ದೇನೆ. ಪರದೆಯ ಮೇಲೆ ದೆವ್ವವಿಲ್ಲ, ರಕ್ತವಿಲ್ಲ, ಬಿಳಿ ಸೀರೆಯಿಲ್ಲ, ಕಪ್ಪು ಬೆಕ್ಕಿಲ್ಲ. ಒಬ್ಬ ಹೆಂಗಸು ಬಾಗಿಲ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದಾಳೆ, ಅಷ್ಟೆ. ಮೂರನೇ ಸಾಲಿನವನು ಎದ್ದು ನಿಂತ. ಹಿಂದಿನ ಸಾಲಿನ ಅಜ್ಜಿ ಕೂಗಿಕೊಂಡಳು.

ಯಳಂದೂರಿನ ನನ್ನ ಟೀ ಅಂಗಡಿ ಗೆಳೆಯರು ಇದನ್ನು ನಂಬುವುದಿಲ್ಲ. "ನೀನ್ ಬುಡೋ ರೈಲ್ಗೆ ಸ್ಟೇಷನ್ನೇ ಇಲ್ವಲ್ಲೋ" ಎನ್ನುತ್ತಾರೆ. ಅವರನ್ನು ದೂರುವುದಕ್ಕಾಗದು. ಅಂಗಡಿಯ ಹಿಂದಿನ ಬಾವಿಯೊಳಗೆ ಯಾರೋ ನನ್ನ ಹೆಸರು ಹಿಡಿದು ಕರೆಯುತ್ತಾರೆ ಎಂದು ಹೇಳಿ, ಅವರನ್ನು ಒಂದು ವಾರ ಆ ಬಾವಿಯೊಳಕ್ಕೆ ಕಿವಿ ಕೊಡಿಸಿದವನು ನಾನು. ಹಾಗಾಗಿ ನಿಮಗೂ ಮೊದಲೇ ಹೇಳಿಬಿಡುತ್ತೇನೆ. ಈ ಬರಹದಲ್ಲಿ ಒಂದು ಸುಳ್ಳಿದೆ. ಒಂದೇ ಒಂದು. ಕೊನೆಯಲ್ಲಿ ನಾನೇ ಒಪ್ಪಿಕೊಳ್ಳುತ್ತೇನೆ. ಅದಕ್ಕೆ ಮುಂಚೆ ಹಿಡಿಯುವಷ್ಟು ಜಾಣರು ನೀವಲ್ಲ ಎಂಬುದು ನನ್ನ ಅಂದಾಜು.

ನಾನು ಹೆದರಿಸುವ ಸಿನಿಮಾಗಳಿಗೆ ವಿಮರ್ಶೆ ಬರೆಯುತ್ತಿದ್ದವನು. ನನ್ನ ಪದ್ಧತಿ ಬಹಳ ಸರಳ. ಮೊಣಕಾಲ ಮೇಲೆ ನೋಟ್ ಬುಕ್ ಇಟ್ಟುಕೊಂಡು, ಸಿನಿಮಾ 'ಢಣ್' ಎಂದಾಗಲೆಲ್ಲ ಒಂದು ಗೀಟು ಎಳೆಯುತ್ತಿದ್ದೆ. ಬಾಗಿಲು ತೆರೆದರೆ ಢಣ್, ಕನ್ನಡಿ ನೋಡಿದರೆ ಢಣ್, ಹೆಂಡತಿ ಕಾಫಿ ತಂದರೂ ಢಣ್. ಬೆನ್ನ ಹಿಂದೆ ಬಂದು ಕಿವಿಯ ಹತ್ತಿರ ತಟ್ಟೆ ಬಡಿದರೆ ಎಮ್ಮೆಯೂ ಬೆಚ್ಚುತ್ತದೆ. ಅದು ಹೆದರಿಕೆಯಲ್ಲ, ಅವಮಾನ. ಇದನ್ನೇ ವರ್ಷಗಟ್ಟಲೆ ಬರೆದೆ, ಒಳ್ಳೆಯ ಖಾರ ಹಾಕಿ ಬರೆದೆ. ಬೈಸಿಕೊಂಡ ನಿರ್ದೇಶಕರೆಲ್ಲ ಒಂದೇ ಮಾತು ಹೇಳುತ್ತಿದ್ದರು: ನೀನು ಮಾಡಿ ತೋರಿಸು. ಅರವತ್ತು ದಾಟಿದ ಮೇಲೆ ತೋರಿಸಲು ಹೊರಟೆ. ಸಂಗೀತವನ್ನೂ ನಾನೇ ಮಾಡಿದೆ. ನನ್ನ ಹಾರ್ಮೋನಿಯಂ ಅದ್ಭುತ ಅಂತಲ್ಲ, ಅದ್ಭುತವೇ, ಆ ಮಾತು ಬೇರೆ. ಇನ್ನೊಬ್ಬನ ಕೈಗೆ ಕೊಟ್ಟರೆ ಅವನು ಢಣ್ ಹಾಕುತ್ತಾನೆ ಎಂಬ ಭಯಕ್ಕೆ.

ಸಿನಿಮಾದ ಹೆಸರು 'ಐದನೇ ಜ್ವರ'. ರೇಷ್ಮೆ ಹುಳ ಪೊರೆ ಕಳಚುವ ಮುಂಚೆ ಸೊಪ್ಪು ಬಿಟ್ಟು, ತಲೆಯೆತ್ತಿ ಸುಮ್ಮನೆ ಮಲಗುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಹುಳದ ಆಯುಸ್ಸಿಗೆ ಜ್ವರ ನಾಲ್ಕೇ. ನಾಲ್ಕನೆಯದರಿಂದ ಎದ್ದ ಹುಳ ಒಂದು ವಾರ ಹಗಲಿರುಳು ಮೇಯ್ದು, ಹಣ್ಣಾಗಿ, ಗೂಡು ಕಟ್ಟುತ್ತದೆ. ಐದನೇ ಜ್ವರ ಎಂಬುದೇ ಇಲ್ಲ. ಆ ಹೆಸರು ಹೊಳೆದ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ಆದರೆ ಅದರ ಅರ್ಥ ನನಗೆ ಅರ್ಧವಷ್ಟೇ ಗೊತ್ತಿತ್ತು. ನಾನು ಯಳಂದೂರಿನ ಗದ್ದೆಯವನು. ಹುಳದ ಮನೆಯೊಳಗೆ ಕಾಲಿಟ್ಟವನೇ ಅಲ್ಲ.

ಕಥೆ ಚಿಕ್ಕದು. ಹುಳ ಸಾಕುವ ಒಬ್ಬಳೇ ಹೆಂಗಸು, ಬೀಗ ಹಾಕಿದ ಹುಳದ ಮನೆ, ಒಳಗೆ ಯಾರೋ ಇದ್ದಾರೆಂಬ ಅನುಮಾನ. ಕೊನೆಯ ಆರು ನಿಮಿಷ ಅವಳು ಆ ಬಾಗಿಲವರೆಗೆ ನಡೆದು ನಿಲ್ಲುತ್ತಾಳೆ. ಈ ಆರು ನಿಮಿಷಕ್ಕೆ ಸಂಗೀತ ಬೇಡ ಎಂದು ನಿರ್ಧರಿಸಿದ್ದೆ. ಹುಳ ಸೊಪ್ಪು ಮೇಯುವ ಸದ್ದು ಮಾತ್ರ. ಕೇಳದವರಿಗೆ ಹೇಳುತ್ತೇನೆ: ಸಾವಿರಾರು ಹುಳ ಒಟ್ಟಿಗೆ ಮೇಯುವಾಗ ಹಂಚಿನ ಮೇಲೆ ಸೋನೆ ಬಿದ್ದ ಹಾಗೆ ಕೇಳುತ್ತದೆ. ಆದರೆ ಮಳೆಗೆ ಹಸಿವಿಲ್ಲ. ಈ ಸದ್ದಿಗೆ ಹಸಿವಿದೆ. ಇದನ್ನು ಕೇಳಿ ಜನ ಸೀಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ ಎಂದು ನನಗೆ ಖಾತ್ರಿ ಇತ್ತು. ಆ ಆರು ನಿಮಿಷ ಸೋತರೆ, ನಾನು ಇಷ್ಟು ವರ್ಷ ಬರೆದದ್ದೆಲ್ಲ ಬರೀ ಬಾಯಿ ಬಡಾಯಿ ಎಂದಾಗುತ್ತಿತ್ತು.

ಸದ್ದು ಹಿಡಿಯಲು ಧನಗೆರೆಯ ಒಂದು ಹುಳದ ಮನೆಗೆ ಹೋದೆವು. ಜೊತೆಗೆ ರಾಮಾಪುರದ ಮೈಕ್ ಸೆಟ್ಟಿನವನು. ಮದುವೆ, ತಿಥಿ, ಎಲೆಕ್ಷನ್ ಎಲ್ಲಕ್ಕೂ ಮೈಕ್ ಕಟ್ಟಿದವನು. ಅರ್ಧ ತಮಿಳು, ಅರ್ಧ ಕನ್ನಡ, ದಪ್ಪ ಮೀಸೆ, ಎಂಥ ಸದ್ದನ್ನಾದರೂ ಕಿವಿಯಲ್ಲೇ ಜರಡಿ ಹಿಡಿಯುವ ಗಟ್ಟಿಗ. ಮನೆಯಾಕೆ ಬಾಗಿಲಲ್ಲೇ ನನ್ನನ್ನು ತಡೆದಳು.

"ಅಲ್ಲೇ ನಿಂತ್ಕಳಿ ಸಾ. ನಸ್ಯ ಏರಿಸ್ತೀರಾ?"

"ಇಲ್ಲವಲ್ಲ" ಎಂದೆ, ಮೂಗು ಒರೆಸಿಕೊಳ್ಳುತ್ತಾ.

"ಸುಳ್ ಯೋಳ್ಬ್ಯಾಡಿ. ಇಲ್ಲಿಗಂಟ ಗಮ್ ಅಂತದೆ. ಒಗೆಸೊಪ್ಪು ಉಳಕ್ಕೆ ಇಸ. ಓಗಿ ತಲೆಗ್ ನೀರಾಕ್ಕಂಡ್ ಬನ್ನಿ."

ಬಚ್ಚಲಲ್ಲಿ ಮಿಂದು ಬಂದೆ. ಮೂಸಿ ನೋಡಿ ಮತ್ತೆ ಕಳಿಸಿದಳು. ಎರಡನೇ ಸಲ ಮಿಂದು ಬಂದರೆ ಅಂಗಿ ನಾರುತ್ತದೆ ಎಂದಳು. ಮೂರನೇ ಸಲ ಅವಳ ಗಂಡನ ಪಂಚೆ, ಬನಿಯನ್ನು ಕೊಟ್ಟಳು. ನಾಡಿನ ಅರ್ಧ ನಿರ್ದೇಶಕರನ್ನು ಅಳಿಸಿದ ವಿಮರ್ಶಕ, ಇನ್ನೊಬ್ಬನ ಬನಿಯನ್ನಿನಲ್ಲಿ, ಔಷಧಿ ನೀರಿನ ತೊಟ್ಟಿಯಲ್ಲಿ ಕಾಲು ಅದ್ದಿಕೊಂಡು, ಸುಣ್ಣದ ಪುಡಿ ತುಳಿದು ಒಳಗೆ ಹೋದೆ. ಕೋಪ ಬಂದಿತ್ತು. ಆದರೆ ಆಕೆ ಹೇಳಿದ್ದು ಸರಿಯಿತ್ತು, ಅದಕ್ಕೇ ಇನ್ನಷ್ಟು ಕೋಪ ಬಂದಿತ್ತು.

ನಾಲ್ಕನೇ ಜ್ವರದಿಂದ ಎದ್ದು ಹುಳಕ್ಕೆ ಅಂದಿಗೆ ಐದು ದಿನ. ಸದ್ದು ಜೋರಾಗಿರುವುದು ಆಗಲೇ. ಅದರಲ್ಲೂ ಹೊಸ ಸೊಪ್ಪು ಹರಡಿದ ಮೇಲೆ ಒಂದು ಅರ್ಧ ಗಂಟೆ. ಮೈಕಿನವನು ಹುಳ ಹರಡಿದ ಅಟ್ಟಣೆಯ ಪಕ್ಕ ಒಂದು ಮೈಕು, ಕೆಳಗಿನ ಅಂತಸ್ತಿನಲ್ಲಿ ಒಂದು, ಬಾಗಿಲ ಹತ್ತಿರ ಒಂದು ಇಟ್ಟ. ಫ್ಯಾನ್ ಆರಿಸಿದೆವು. ಪಕ್ಕದ ಮನೆಯ ಮಿಕ್ಸಿ ನಿಲ್ಲಿಸಿದೆವು. ಮಷಿನ್ನಿನ ಗುಂಡಿ ಒತ್ತುವ ಮುಂಚೆ ನನ್ನೊಳಗಿನ ಕೋತಿ ಎದ್ದು ಕೂತಿತು.

"ಲೇ, ಮೀಸೆ ಇರೋ ಗಂಡಸ್ರು ದಿಟ್ಟಿಸಿ ನೋಡುದ್ರೆ ಉಳ ನಾಚ್ಕಂಡು ಮೇಯಲ್ವಂತೆ. ಮುಖ ಮುಚ್ಕೊ" ಎಂದೆ.

"ಎನ್ನಾ ಸಾ, ಮೊದ್ಲೇ ಯೋಳ್ಬಾರ್ದಾ?" ಎಂದು ಅವನು ತಲೆಗೆ ಟವಲ್ಲು ಸುತ್ತಿಕೊಂಡು, ಹೊಸ ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿ ಕೂತ.

ಇಪ್ಪತ್ತು ನಿಮಿಷ ಚೆನ್ನಾಗಿ ನಡೆಯಿತು. ಸೊಪ್ಪು ಹಿಡಿದು ಒಳಗೆ ಬಂದ ಮನೆಯಾಕೆ ಅವನನ್ನು ನೋಡಿದಳು. ಸೆರಗು ಬಾಯಿಗೆ ತುರುಕಿಕೊಂಡಳು. ತಡೆಯಲಾಗಲಿಲ್ಲ. ಅವಳ ನಗು ಮೂರು ಮೈಕಿನಲ್ಲೂ ತುಂಬಿಕೊಂಡಿತು. ಇಡೀ ಟೇಕ್ ಹಾಳು. ಹಾಳು ಮಾಡಿದ್ದು ನಾನು, ಆದರೆ ಬೈದದ್ದು ಅವರಿಬ್ಬರನ್ನೂ. ಮಾರನೇ ದಿನ ಮತ್ತೆ ಮೂರು ಸ್ನಾನ, ಮತ್ತೆ ಬನಿಯನ್. ಒಂದು ದಿನ ತಡವಾಗಿದ್ದರೆ ಹುಳ ಹಣ್ಣಾಗಿ ಮೇವು ಬಿಡುತ್ತಿದ್ದವು. ಆ ಬೆಳಿಗ್ಗೆ ಸದ್ದು ಸಿಕ್ಕಿತು. ಹೆಡ್‌ಫೋನಿನಲ್ಲಿ ಕೇಳಿ ನನ್ನ ಮೈ ಜುಮ್ಮೆಂದಿತು.

ಎಲ್ಲ ಸದ್ದನ್ನೂ ಜೋಡಿಸಿ ಹದ ಮಾಡಲು ಬೆಂಗಳೂರಿನ ಒಬ್ಬ ಮಿಕ್ಸಿಂಗ್ ಇಂಜಿನಿಯರ್‌ಗೆ ಕಳಿಸಿದೆವು. ಬಹಳ ನಯವಾಗಿ ಮಾತಾಡುವ ಮನುಷ್ಯ. ಹದಿನೈದು ದಿನಕ್ಕೆ ಸಿನಿಮಾ ವಾಪಸು ಬಂತು. ಹನೂರಿನಲ್ಲಿ, ಹಣ ಹಾಕಿದ ಬಸ್ ಮಾಲೀಕರ ಮನೆಯಲ್ಲಿ, ಹೊಸ ಟಿವಿಯಲ್ಲಿ ಹಾಕಿ ನೋಡಿದೆವು. ಕೊನೆಯ ಆರು ನಿಮಿಷ ಶುರುವಾಯಿತು. ಅವಳು ನಡೆಯುತ್ತಾಳೆ, ಹಿಂದೆ ಹುಳದ ಸದ್ದು ತುಂಬಿಕೊಂಡಿದೆ. ಸೊಗಸಾಗಿದೆ. ಅವಳು ಚಿಲಕದ ಮೇಲೆ ಕೈಯಿಡುತ್ತಾಳೆ. ಸದ್ದು ಕತ್ತರಿಸಿದ ಹಾಗೆ ನಿಂತುಹೋಯಿತು. ಏನೂ ಇಲ್ಲ. ಖಾಲಿ. ಸುಮಾರು ಒಂದು ನಿಮಿಷ ಖಾಲಿ. ಆಮೇಲೆ, ನನ್ನ ಸಿನಿಮಾದಲ್ಲಿ, ನನ್ನ ಹೆಸರಿರುವ ಸಿನಿಮಾದಲ್ಲಿ:

ಢಣ್!

ಬಸ್ ಮಾಲೀಕರು ಸೋಫಾದಿಂದ ಒಂದು ಗೇಣು ಮೇಲೆ ಹಾರಿದರು. "ಅಬ್ಬಬ್ಬಾ! ಇದು ಸಾ ಸಿನಿಮಾ ಅಂದ್ರೆ!"

ನಾನು ಟಿವಿ ಆರಿಸಿ ಬೆಂಗಳೂರಿಗೆ ಫೋನು ಹಚ್ಚಿದೆ.

"ಸರ್, ಹೀರೋಯಿನ್ ಹೆಜ್ಜೆ, ಉಸಿರು ಇರೋವರೆಗೂ ಆ ಟ್ರ್ಯಾಕ್ ಮುಟ್ಟಿಲ್ಲ" ಎಂದ ಇಂಜಿನಿಯರ್. "ಅವರು ನಿಂತ ಮೇಲೆ ಬರೀ ಹಿಸ್ ಇತ್ತು, ಸರ್, ಸುಯ್ ಅಂತ. ಮೈಕ್ ಪ್ರಾಬ್ಲಮ್ ಇರಬೇಕು. ಪೂರ್ತಿ ಕ್ಲೀನ್ ಮಾಡಿದೀನಿ. ತುಂಬ ಖಾಲಿ ಅನ್ನಿಸ್ತು, ಅದಕ್ಕೆ ಒಂದು ಎಫೆಕ್ಟ್ ಹಾಕಿದೆ."

"ಅದು ಹಿಸ್ ಅಲ್ಲ, ಹುಳ!"

"ಸಾರಿ ಸರ್, ಏನು ಹುಳ?"

"ಹುಳ ಕಣಯ್ಯಾ! ನೀನು ಮೈಗೆ ಸುತ್ತಿಕೊಂಡು ಮದುವೆಯಾದೆಯಲ್ಲ, ಆ ರೇಷ್ಮೆ ಕಕ್ಕುವ ಹುಳ! ಅದು ಊಟ ಮಾಡುತ್ತಿತ್ತು. ಅದರ ತಟ್ಟೆ ಕಿತ್ತುಕೊಂಡು ಅದರಿಂದಲೇ ನನ್ನ ತಲೆಗೆ ಬಾರಿಸಿದ್ದೀಯಲ್ಲ!" ಇನ್ನೂ ಏನೇನೋ ಅಂದೆ. ಕಿವಿಯಲ್ಲಿ ಹತ್ತಿ ಬೆಳೆದಿದೆಯಾ ಎಂದೆ. ಕಲಿಸಿದವರನ್ನೂ ಬಿಡಲಿಲ್ಲ. ಅವನು ಒಂದಕ್ಕೂ ತಿರುಗಿಸಿ ಹೇಳಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಇತ್ತ ಬಸ್ ಮಾಲೀಕರು ಕಾಲಿನ ಮೇಲೆ ಕಾಲು ಹಾಕಿದರು. "ಸಾ, ನೀವ್ ಏನಾದ್ರೂ ಮಾಡ್ಕಳಿ. ಆ ಸವುಂಡು ತೆಗೆಯಂಗಿಲ್ಲ. ಜನ ಬೆಚ್ಬೇಕು ಕಣ್ ಸಾ. ಬೆಚ್ದೆ ಇದ್ರೆ ಅದೆಂತ ದೆವ್ವದ್ ಪಿಚ್ಚರ್ರು? ತೆಗುದ್ರೆ ನಾನ್ ರಿಲೀಸ್ ಮಾಡಕಿಲ್ಲ." ಅವರ ಬಸ್ಸಿನ ಹಾರ್ನ್ ಕೇಳಿದವರಿಗೆ ಅವರ ಸಂಗೀತದ ಅಭಿರುಚಿ ಗೊತ್ತು. ಮಹದೇಶ್ವರ ಬೆಟ್ಟದ ಒಂದೊಂದು ತಿರುವಿನಲ್ಲೂ ಆನೆಗೆ ಸಹ ಎದೆ ಹೊಡೆದುಕೊಳ್ಳುತ್ತದೆ.

ಮಾರನೇ ದಿನವೇ ಲ್ಯಾಪ್‌ಟಾಪ್ ಕಂಕುಳಲ್ಲಿ ಇಟ್ಟುಕೊಂಡು, ಮೈಕಿನವನನ್ನೂ ಎಳೆದುಕೊಂಡು ಧನಗೆರೆಗೆ ಹೋದೆ. ನನ್ನ ಲೆಕ್ಕಾಚಾರ ಹೀಗಿತ್ತು: ಮನೆಯಾಕೆಗೆ ಇದನ್ನು ತೋರಿಸುವುದು, ನಮ್ಮ ಹುಳದ ಸದ್ದು ಕಿತ್ತುಹಾಕಿದರಲ್ಲಾ ಎಂದು ಅವಳು ಬಾಯಿ ಬಡಿದುಕೊಳ್ಳುವುದು, ಅದನ್ನು ಫೋನಿನಲ್ಲಿ ಹಿಡಿದು ಬಸ್ ಮಾಲೀಕರ ಮುಖಕ್ಕೆ ಹಿಡಿಯುವುದು.

ಅವಳು ಜಗಲಿಯ ಮೇಲೆ ಕೂತು ಸೊಪ್ಪಿನ ಕಡ್ಡಿ ಕೊಯ್ಯುತ್ತಿದ್ದಳು. ಒಳಗೆ ಹೊಸ ಬೆಳೆ, ನಾಲ್ಕನೇ ಜ್ವರ ದಾಟಿದ ಹುಳ. ಸ್ನಾನವಾಗದ ನನ್ನನ್ನು ಹತ್ತು ಅಡಿ ದೂರ ಕೂರಿಸಿದಳು. ಲ್ಯಾಪ್‌ಟಾಪಿಗೆ ಸ್ಪೀಕರ್ ಸಿಕ್ಕಿಸಿ ಕೊನೆಯ ಆರು ನಿಮಿಷ ಹಾಕಿದೆ.

ನನ್ನ ಭಯಾನಕ ಸದ್ದು ಶುರುವಾಯಿತು. ಅವಳು ಕೆಲಸ ಬಿಡಲಿಲ್ಲ. ಒಂದು ಸಲ ತಲೆಯೆತ್ತಿ ನೋಡಿ, ನಕ್ಕು, ಮತ್ತೆ ಕುಡುಗೋಲು ಆಡಿಸಿದಳು.

"ಸಂದಾಗ್ ಮೇಯ್ತಾವೆ ಕನಾ ಸಾ. ಕೇಳ್ತಾ ಇದ್ರೆ ನಿದ್ದೆ ಬತ್ತದೆ."

"ನಿದ್ದೆ?"

"ಊಂ. ಉಳ ಮೇಯ್ತಾ ಇದ್ರೆ ನಮ್ಗೇನ್ ಚಿಂತೆ? ಸದ್ದ್ ಬತ್ತಾ ಇದ್ರೆ ಮನೆ ತುಂಬಿದಂಗೆ."

ಮೂರು ಮೂರು ಸ್ನಾನ ಮಾಡಿ ಹಿಡಿದ ನನ್ನ ಮಹಾ ಭೀತಿ, ಈ ಸೀಮೆಯವರಿಗೆ ಜೋಗುಳ! ಕೊಳ್ಳೇಗಾಲದಲ್ಲಿ ಯಾರನ್ನು ಹೆದರಿಸಲು ಹೊರಟಿದ್ದೆ ನಾನು? ಅವರೆಲ್ಲ ಈ ಸದ್ದಿನಲ್ಲೇ ತೊಟ್ಟಿಲು ತೂಗಿಸಿಕೊಂಡವರು. ಇಷ್ಟು ವರ್ಷ ಇತರರ ಪೆದ್ದತನಕ್ಕೆ ಗೀಟು ಎಳೆದವನು ನನ್ನದಕ್ಕೆ ಎಷ್ಟು ಎಳೆಯಬೇಕು ಎಂದು ಯೋಚಿಸುತ್ತಿರುವಾಗ, ಪರದೆಯ ಹೆಂಗಸು ಚಿಲಕದ ಮೇಲೆ ಕೈಯಿಟ್ಟಳು. ಸದ್ದು ನಿಂತಿತು.

ಮನೆಯಾಕೆಯ ಕೈಯೂ ನಿಂತಿತು.

ಅವಳು ಲ್ಯಾಪ್‌ಟಾಪ್ ಕಡೆ ನೋಡಲೇ ಇಲ್ಲ. ಹುಳದ ಮನೆಯ ಬಾಗಿಲ ಕಡೆ ನೋಡಿದಳು. ಮುಖ ಬೂದಿಯಾಯಿತು. "ಅಯ್ಯೋ ನನ್ನಪ್ಪಾ, ನಿಂತೋದ್ವಾ!" ಎಂದವಳೇ ಕುಡುಗೋಲು ಬಿಸಾಕಿ, ಕಾಲು ಅದ್ದುವುದನ್ನೂ ಮರೆತು ಒಳಗೆ ಓಡಿದಳು. ಇತ್ತ ಸ್ಪೀಕರ್ ಢಣ್ ಎಂದಿತು. ಕೇಳಲು ನಾನು, ಮೈಕಿನವನು, ಒಂದು ಕೋಳಿ. ಕೋಳಿ ಮಾತ್ರ ಬೆಚ್ಚಿತು.

ಅವಳು ಹೊರಗೆ ಬಂದಾಗ ಏದುಸಿರು. ಒಳಗೆ ಹುಳ ತಮ್ಮ ಪಾಡಿಗೆ ಮೇಯುತ್ತಿದ್ದವು.

"ಏನ್ ಸಾ ಆಟ ಇದು! ವಯಸ್ಸಾದ್ ಮನ್ಸ ನೀವು! ಜ್ವರ ಎಲ್ಲಾ ಮುಗ್ದ್ ಮ್ಯಾಲೆ ಉಳ ಮೇವ್ ಬುಡ್ತು ಅಂದ್ರೆ ಏನ್ ಗೊತ್ತಾ ನಿಮ್ಗೆ? ಓದ್ ವರ್ಸ ಇಂಗೇ ಸಪ್ಪೆ ರೋಗ ಬಂತು. ಬೆಳಿಗ್ಗೆ ಸೊಪ್ಪಾಕಕ್ ಓದೆ, ಸದ್ದೇ ಇಲ್ಲ. ಅಷ್ಟೂ ಉಳ ತಲೆ ಇಳ್ಬುಟ್ಕಂಡ್ ಬಿದ್ದಿದ್ವು. ಇಡೀ ಮನೆ ಉಳಾನ ಗುಂಡಿ ತೋಡಿ ಮುಚ್ದೊ. ಆ ಮೌನ ಇನ್ನೂ ನನ್ ಕಿವೀಲಿ ಅದೆ."

ಇದು ನಾನು ಮಾಡಿದ ಆಟವಲ್ಲ ಎಂದು ಹೇಳಲು ಬಾಯಿ ತೆರೆದೆ. ಜೀವನದಲ್ಲಿ ಮೊದಲ ಸಲ ನಿಜ ಹೇಳಿದರೂ ಯಾರೂ ನಂಬುತ್ತಿರಲಿಲ್ಲ. ಐದನೇ ಜ್ವರದ ಉಳಿದರ್ಧ ಅರ್ಥ ಸಿಕ್ಕಿತು, ಲ್ಯಾಪ್‌ಟಾಪ್ ಮುಚ್ಚಿ ಬೈಸಿಕೊಂಡೆ.

ವಾಪಸು ಬರುವಾಗ ಮೈಕಿನವನು ಬೈಕಿನ ಮೇಲೆ ಮೆಲ್ಲಗೆ ಕೇಳಿದ, "ಸಾ, ಆ ಬೆಂಗ್ಳೂರಾತ ಮಾಡಿದ್ದೇ ಸರೀಗದೆ, ಅಲ್ವಾ?"

"ಮುಚ್ಚು ಬಾಯಿ" ಎಂದೆ.

ಆದರೆ ಮಧುವನಹಳ್ಳಿ ಬರುವಷ್ಟರಲ್ಲಿ ತೀರ್ಮಾನವಾಗಿತ್ತು. ಹುಳದ ಸದ್ದನ್ನು ವಾಪಸು ಹಾಕುವುದಿಲ್ಲ. ಅವನು ಕತ್ತರಿಸಿದ ಜಾಗದಲ್ಲೇ ಅದು ನಿಲ್ಲಲಿ. ಬದಲಿಗೆ ಅದಕ್ಕೂ ಮುಂಚೆ, ಸಿನಿಮಾದ ಮೊದಲ ದೃಶ್ಯದಿಂದಲೇ ಆ ಸದ್ದನ್ನು ಹಿನ್ನೆಲೆಯಲ್ಲಿ ಹರಡುತ್ತೇನೆ, ಜನಕ್ಕೆ ಅದು ಅಭ್ಯಾಸವಾಗಲಿ, ಮನೆ ತುಂಬಿದ ಹಾಗಿರಲಿ. ಆ ಜಾಗಗಳಲ್ಲಿದ್ದ ನನ್ನ ಹಾರ್ಮೋನಿಯಂ ತೆಗೆಯುತ್ತೇನೆ. ಹೌದು, ನನ್ನ ಅದ್ಭುತ ಹಾರ್ಮೋನಿಯಂ. ಮೂರು ತಿಂಗಳು ಕೂತು ಕಟ್ಟಿದ ರಾಗಗಳನ್ನು ಒಂದು ವಾರದಲ್ಲಿ ನಾನೇ ಕಿತ್ತು ಎಸೆದೆ. ಒಂದೊಂದನ್ನು ಅಳಿಸುವಾಗಲೂ ಆ ಇಂಜಿನಿಯರ್‌ಗೆ ಒಂದೊಂದು ಬೈಗುಳ ಬೈದೆ. ಢಣ್ ಅನ್ನು ಎಲ್ಲಕ್ಕಿಂತ ಕೊನೆಗೆ ತೆಗೆದೆ, ನಿಧಾನವಾಗಿ, ಹಲ್ಲು ಕೀಳುವ ಸುಖದಲ್ಲಿ.

ಬಸ್ ಮಾಲೀಕರಿಗೆ ವಿಷಯ ಗೊತ್ತಾಗಿ ಹನೂರಿನಿಂದ ಬೆಂಕಿಯಾಗಿ ಬಂದರು. ಕೂಗಾಡಿದೆವು. ಅಕ್ಕಪಕ್ಕದ ಮನೆಯವರು ಕಿಟಕಿಗೆ ಬಂದರು. ಕೊನೆಗೆ ಒಂದು ಪಂದ್ಯಕ್ಕೆ ಒಪ್ಪಿಸಿದೆ. ಕೊಳ್ಳೇಗಾಲದಲ್ಲಿ ಒಂದೇ ಒಂದು ಬೆಳಗಿನ ಆಟ, ನನ್ನ ಸದ್ದಿನಲ್ಲಿ. ಜನ ಹೆದರದಿದ್ದರೆ ಢಣ್ ವಾಪಸು, ಬೇಕಾದರೆ ಹತ್ತು ಕಡೆ. ಸಿನಿಮಾದಿಂದ ನನ್ನ ಹೆಸರನ್ನೂ ತೆಗೆಯುತ್ತೇನೆ ಎಂದೆ. "ಬರೀ ಸುಮ್ನಿದ್ರೆ ಯಾರ್ ಸಾ ಎದುರ್ತಾರೆ?" ಎಂದರು. ನನಗೂ ಆ ಪ್ರಶ್ನೆ ಒಳಗೊಳಗೇ ಇತ್ತು.

ಆ ಬೆಳಿಗ್ಗೆ ಗೂಡಿನ ಮಾರುಕಟ್ಟೆಗೆ ಬಂದಿದ್ದ ಬೆಳೆಗಾರರು, ಮಗ್ಗದವರು, ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ಒಳಗೆ ಬಂದವರು. ಮುಕ್ಕಾಲು ಹಾಲ್ ತುಂಬಿತ್ತು. ಮೊದಲ ಅರ್ಧ ಗಂಟೆ ನನ್ನ ಸಿನಿಮಾಕ್ಕೆ ಮರ್ಯಾದೆಯೇ ಸಿಗಲಿಲ್ಲ. ಕಡಲೆಕಾಯಿ ಒಡೆಯುತ್ತಿದ್ದರು. ಒಬ್ಬ ಫೋನಿನಲ್ಲಿ ಗೂಡಿನ ದರ ವಿಚಾರಿಸುತ್ತಿದ್ದ. ಹಿಂದಿನಿಂದ ಒಬ್ಬ, "ಲೇ, ಉಳ ಸಂದಾಗ್ ಮೇಯ್ತಾವಲ್ಲಾ, ಯಾವೂರ್ ಸೊಪ್ಪ್ಲಾ ಅದು?" ಎಂದ. ಹಾಲ್ ನಕ್ಕಿತು. ಬಸ್ ಮಾಲೀಕರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ನಾನು ಹಲ್ಲು ಕಚ್ಚಿದೆ.

ಕೊನೆಗೆ ಆ ಆರು ನಿಮಿಷ. ಚಿಲಕದ ಮೇಲೆ ಕೈ. ಸದ್ದು ನಿಂತಿತು.

ಕಡಲೆಕಾಯಿ ನಿಂತಿತು. ಎಲ್ಲೋ ಒಂದು ಸೀಟು ಕಿರುಗುಟ್ಟಿ, ಅದೂ ನಿಂತಿತು. ಮೇಲಿನ ಫ್ಯಾನು ತಿರುಗುವುದು ಕೇಳಿಸತೊಡಗಿತು. ಮೂರನೇ ಸಾಲಿನಲ್ಲಿ ಪಂಚೆ ಉಟ್ಟ ಒಬ್ಬ ರೈತ ಎದ್ದು ನಿಂತ. ಯಾಕೆ ಎದ್ದನೆಂದು ಅವನಿಗೇ ಗೊತ್ತಿರಲಿಲ್ಲ, ಕೈ ಎರಡೂ ಗಾಳಿಯಲ್ಲಿದ್ದವು. ಹಿಂದಿನಿಂದ ಒಬ್ಬ ಅಜ್ಜಿಯ ದನಿ, ಅರ್ಧ ಅಳು: "ಬಾಗ್ಲ್ ತೆಗಿಯವ್ವಾ! ತೆಗ್ದ್ ನೋಡವ್ವಾ, ಏನಾದ್ವೋ!" ಪರದೆಯ ಹೆಂಗಸು ಬಾಗಿಲು ತೆಗೆಯಲಿಲ್ಲ. ತೆಗೆಯುವುದಿಲ್ಲ ಎಂದು ಗೊತ್ತಿದ್ದ ನನಗೂ, ತೆಗೆದುಬಿಡಬಾರದೇ ಅನ್ನಿಸಿತು. ಬಸ್ ಮಾಲೀಕರು ನನ್ನ ಮಣಿಕಟ್ಟು ಹಿಡಿದಿದ್ದರು. ದೀಪ ಹತ್ತಿದ ಮೇಲೂ ಬಿಡಲಿಲ್ಲ. ಢಣ್ ಬಗ್ಗೆ ಅವರು ಮತ್ತೆ ಮಾತೆತ್ತಿದ್ದಿಲ್ಲ.

ಅಂದು ಸಂಜೆ ನಾನು ಆ ಇಂಜಿನಿಯರ್‌ಗೆ ಫೋನ್ ಮಾಡಿದೆ. ಆ ಕತ್ತರಿ ನಿನ್ನದು, ನನ್ನದಲ್ಲ. ಬೈದದ್ದಕ್ಕೆ ಕ್ಷಮಿಸು ಎಂದೆ. ಅವನು ನಕ್ಕು, "ಪರವಾಗಿಲ್ಲ ಬಿಡಿ ಸರ್" ಎಂದ.

ಬೆಂಗಳೂರಿನಲ್ಲಿ ಸಿನಿಮಾ ಒಂದು ವಾರ ಓಡಿತು. ಅಲ್ಲಿ ಯಾರೂ ಎದ್ದು ನಿಲ್ಲಲಿಲ್ಲ. ಒಬ್ಬ ವಿಮರ್ಶಕ, ಕೊನೆಯಲ್ಲಿ ಧ್ವನಿಯ ಲೋಪವಿದೆ, ನಿರ್ಮಾಪಕರು ಗಮನಿಸಬೇಕು ಎಂದು ಬರೆದ. ಪೇಪರ್ ಹರಿದು ಹಾಕಿದೆ. ಅವನ ಜಾಗದಲ್ಲಿ ನಾನಿದ್ದಿದ್ದರೆ ಇನ್ನೂ ಖಾರವಾಗಿ ಬರೆಯುತ್ತಿದ್ದೆ ಎಂಬುದು ನೆನಪಾಗಿ, ಎರಡನೇ ಸಲವೂ ಹರಿದೆ.

ಈಗ ಆ ಸುಳ್ಳು. ನೀವು ಮೂರನೇ ಸಾಲಿನ ರೈತನ ಮೇಲೆ ಅನುಮಾನ ಪಟ್ಟಿರುತ್ತೀರಿ. ಇಲ್ಲ, ಅವನು ಎದ್ದ. ಅಜ್ಜಿ ಕೂಗಿದಳು. ಮೂರು ಸ್ನಾನ ನಿಜ, ಬನಿಯನ್ ನಿಜ, ಕೋಳಿ ಬೆಚ್ಚಿದ್ದೂ ನಿಜ. ಸುಳ್ಳು ಅಂದರೆ ಆ ಸಂಜೆಯ ಫೋನು. ನಾನು ಮಾಡಲಿಲ್ಲ. ನಂಬರ್ ತೆಗೆದು, ನೋಡಿ, ಒಳಗಿಟ್ಟೆ. ಆ ಮೌನ ನನ್ನದೇ ಐಡಿಯಾ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಅವನು ಎಂದೂ ಅದನ್ನು ಅಲ್ಲಗಳೆಯಲಿಲ್ಲ. ಆ ಫೋನಿನ ಬದಲಿಗೆ ಇದನ್ನು ಬರೆದಿದ್ದೇನೆ, ಆದರೆ ಅವನು ಕನ್ನಡ ಓದುತ್ತಾನೋ ಇಲ್ಲವೋ ನನಗೆ ಗೊತ್ತಿಲ್ಲ.